ತಾಮ್ರದ ಉಡಿದಾರ

ಗೋಪಿನಾಥರ ಫೋನು ಬಂದಾಗ ನಾನು ಆಟೋದಲ್ಲಿದ್ದೆ. ಮಡಿಲಲ್ಲಿ ಹಿತ್ತಾಳೆಯ ಗಿಳಿಗಳು, ತಲೆಯಲ್ಲಿ ನೂರೆಂಟು ಕೆಲಸ. ಅವತ್ತು ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ತೊಟ್ಟಿಲ ಮೇಲೆ ತೂಗಾಡಲೆಂದು ಆ ಹಳೆಯ ಗಿಳಿಗಳನ್ನು ಹೌಜ್ ಖಾಸಿನ ಒಬ್ಬನ ಹತ್ತಿರ ಪಾಲಿಶ್‌ಗೆ ಕೊಟ್ಟಿದ್ದೆ. ಆ ಪುಣ್ಯಾತ್ಮ ಇವತ್ತು, ನಾಳೆ ಎನ್ನುತ್ತ ಕೊನೆಗೆ ಶಾಸ್ತ್ರದ ದಿನವೇ ಬಂದು ತೆಗೆದುಕೊಂಡು ಹೋಗಿ ಎಂದಿದ್ದ. ಭಾನುವಾರ ನಾಲ್ಕೂವರೆಗೆ ರಾಹುಕಾಲ, ಅದಕ್ಕೆ ಮೊದಲೇ ಬಂದುಬಿಡುತ್ತೇನೆ ಎಂದು ಹೇಳಿ, ಮನೆ ತುಂಬ ನೆಂಟರನ್ನು ಬಿಟ್ಟು ಓಡಿ ಬಂದಿದ್ದೆ. ಗಿಳಿ ಇಲ್ಲದಿದ್ದರೆ ಮಗು ತೊಟ್ಟಿಲಲ್ಲಿ ಮಲಗುವುದಿಲ್ಲವೇ ಎಂದು ನಮ್ಮ ಮನೆಯವರು ಕೇಳಿದ್ದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ನಾನು ಚಪ್ಪಲಿ ಮೆಟ್ಟಿಕೊಂಡಿದ್ದೆ.

ಆಟೋ ಹತ್ತಿದ ಮೇಲಾದರೂ ಸುಮ್ಮನೆ ಕೂರಬಾರದಿತ್ತೇ? ದೆಹಲಿಯಲ್ಲಿ ನನ್ನ ಹಾಗೆಯೇ ಹಳೆಯ ಸಾಮಾನಿನ ಹುಚ್ಚು ಹತ್ತಿದ ಕನ್ನಡದವರ ಒಂದು ವಾಟ್ಸ್ಯಾಪ್ ಗುಂಪಿದೆ. ಯಾರಿಗೆ ಏನು ಸಿಕ್ಕಿದರೂ ಅದರಲ್ಲಿ ಫೋಟೋ ಹಾಕಿ ಉಳಿದವರ ಹೊಟ್ಟೆ ಉರಿಸುವುದು ನಮ್ಮ ಪದ್ಧತಿ. ನಾನು ಶಾಸ್ತ್ರಕ್ಕೆಂದು ತಂದಿಟ್ಟ ನಮ್ಮ ಗುಂಡಪ್ಪನ ಫೋಟೋ ಹಾಕಿ, ‘ಇವತ್ತು ಮೊಮ್ಮಗಳ ಪಕ್ಕದಲ್ಲಿ ಮಲಗುವವನು ಇವನೇ’ ಎಂದು ಬರೆದೆ. ಒಂದಿಬ್ಬರು ಚಪ್ಪಾಳೆ ಹಾಕಿದರು. ಅಷ್ಟರಲ್ಲಿ ಗೋಪಿನಾಥರ ಕರೆ. ಅವರು ಸೈನ್ಯದ ಮದ್ದುಗುಂಡಿನ ಡಿಪೋದಲ್ಲಿದ್ದು ನಿವೃತ್ತರಾದವರು, ವಸಂತ್ ಕುಂಜ್‌ನಲ್ಲಿ ಮನೆ, ಗುಂಪಿನಲ್ಲಿ ಹಳೆಯ ಗಡಿಯಾರಗಳ ಫೋಟೋ ಹಾಕುತ್ತಿರುತ್ತಾರೆ.

“ದೇವಕಿ ಮೇಡಂ, ಆ ಫೋಟೋದಲ್ಲಿರೋದು ಈಗ ಎಲ್ಲಿದೆ?”

“ಮನೇಲಿ. ಯಾಕೆ ಸರ್, ಕಣ್ಣು ಬಿತ್ತಾ? ಕೊಡಲ್ಲ.”

“ತಮಾಷೆ ಬೇಡ ಮೇಡಂ. ಅದು ಫಿರಂಗಿ ಗುಂಡು. ಆ ತಾಮ್ರದ ಪಟ್ಟಿ ನೋಡಿದ ತಕ್ಷಣ ಗೊತ್ತಾಯ್ತು. ಮೂತಿಯ ಬಿರಡೆ ಹಾಗೇ ಇದೆ. ಒಳಗೆ ಖಾಲಿ ಇದ್ದರೂ ಇರಬಹುದು, ತುಂಬಿದ್ದರೂ ಇರಬಹುದು. ಫೋಟೋ ನೋಡಿ ಹೇಳೋಕಾಗಲ್ಲ.”

ಹೊರಗೆ ಯಾರೋ ಹಾರ್ನ್ ಬಾರಿಸುತ್ತಿದ್ದರು, ಅದು ಬಹಳ ದೂರದಲ್ಲಿ ಕೇಳಿದಂತೆ ಕೇಳಿತು. ಗೋಪಿನಾಥರು ನಿಧಾನವಾಗಿ, ಮಗುವಿಗೆ ಪಾಠ ಹೇಳಿದ ಹಾಗೆ ಹೇಳಿದರು. ಅದನ್ನು ಬೀಳಿಸಬಾರದು. ಬಡಿಯಬಾರದು. ಬೆಂಕಿ, ಬಿಸಿ ತಾಗಿಸಬಾರದು. ಇದ್ದಲ್ಲೇ ಬಿಟ್ಟು ಎಲ್ಲರೂ ಮನೆಯಿಂದ ಹೊರಗೆ ಹೋಗಬೇಕು. ಪೊಲೀಸರಿಗೆ ತಾವೇ ತಿಳಿಸುವುದಾಗಿ ಹೇಳಿ ವಿಳಾಸ ಕೇಳಿದರು. ಇಪ್ಪತ್ತು ವರ್ಷದಿಂದ ಇರುವ ಆರ್.ಕೆ.ಪುರಂನ ಕ್ವಾರ್ಟರ್ಸಿನ ನಂಬರು ನನಗೆ ಮರೆತುಹೋಗಿತ್ತು. ಎರಡು ಸಲ ತಪ್ಪು ಹೇಳಿ ಮೂರನೇ ಸಲ ಸರಿಯಾಗಿ ಹೇಳಿದೆ.

“ಇನ್ನೊಂದು ಮಾತು,” ಎಂದರು. “ಯಾರ ಕೈಯಲ್ಲಾದರೂ ಅದಿದ್ದರೆ ಕಿರುಚಬೇಡಿ. ಗಾಬರಿಯಾಗಿ ಕೈಬಿಟ್ಟರೆ ಕಷ್ಟ.”

ಯಾರ ಕೈಯಲ್ಲಾದರೂ ಇದ್ದರೆ! ಅವರಿಗೇನು ಗೊತ್ತು, ನಮ್ಮ ಶಾಸ್ತ್ರವೇ ಅದನ್ನು ಕೈಯಿಂದ ಕೈಗೆ ದಾಟಿಸುವುದು. ತೊಟ್ಟಿಲಿಗೆ ಹಾಕುವ ದಿನ ನಮ್ಮ ಮನೆಗಳಲ್ಲಿ ಒರಳಿನ ರುಬ್ಬುಗುಂಡನ್ನು ಮಗುವಿನಂತೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಕುಲಾವಿ ತೊಡಿಸಿ, ಕುಂಕುಮ ಇಟ್ಟು ಸಿಂಗರಿಸುತ್ತಾರೆ. ಅವನೇ ಗುಂಡಪ್ಪ. ತೊಟ್ಟಿಲ ಆಚೆಗೊಬ್ಬರು ಈಚೆಗೊಬ್ಬರು ನಿಂತು, ಗುಂಡಪ್ಪನನ್ನು ತೊಟ್ಟಿಲ ಕೆಳಗಿನಿಂದ ದಾಟಿಸಿ, ಮಗುವನ್ನು ಮೇಲಿನಿಂದ ತೆಗೆದುಕೊಳ್ಳುತ್ತಾರೆ. ಮೂರು ಸಲ ಹೀಗಾದ ಮೇಲೆ ಗುಂಡಪ್ಪನನ್ನು ತೊಟ್ಟಿಲಲ್ಲಿ ಮಲಗಿಸಿ, ಪಕ್ಕದಲ್ಲೇ ಮಗುವನ್ನು ಮಲಗಿಸಿ ತೂಗುತ್ತಾರೆ. ಮಗು ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿರಲಿ ಎಂದು.

ಈಗ ದೆಹಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಯಾರ ಮನೆಯಲ್ಲಿ ರುಬ್ಬುಗುಂಡಿದೆ? ಎಲ್ಲರದೂ ಮಿಕ್ಸಿ. ತೆಂಗಿನಕಾಯಿಗೆ ಟೋಪಿ ಹಾಕಿ ಶಾಸ್ತ್ರ ಮುಗಿಸುವವರಿದ್ದಾರೆ. ದೇವಕಿಯ ಮೊಮ್ಮಗಳಿಗೆ ತೆಂಗಿನಕಾಯಿಯೇ? ನಾನು ಒಪ್ಪುವವಳಲ್ಲ. ಮಗಳು ಲಾವಣ್ಯಾಳಿಗೆ ಏಳು ತಿಂಗಳು ತುಂಬಿದಾಗಿನಿಂದ ಗುಂಡಪ್ಪನಿಗಾಗಿ ಭಾನುವಾರ ಭಾನುವಾರ ಅಲೆದೆ.

ಆ ಅಲೆದಾಟದ ಸುಖ ಹೇಳಿದರೆ ತಿಳಿಯುವುದಲ್ಲ. ವಾರವೆಲ್ಲ ಸಚಿವಾಲಯದಲ್ಲಿ ಫೈಲು ನೂಕಿ, ಭಾನುವಾರ ಬೆಳಿಗ್ಗೆ ಧೂಳಿನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತರೆ ನನಗೆ ಹಸಿವೂ ಆಗುವುದಿಲ್ಲ. ಮುರುಕು ಫ್ಯಾನು, ತುಕ್ಕು ಹಿಡಿದ ಬೀಗಗಳ ನಡುವೆ ಎಲ್ಲೋ ಒಂದು ಹಿತ್ತಾಳೆಯ ಅಂಚು ಮಿಣುಕಿದರೆ ಎದೆ ಹಾರುತ್ತದೆ. ಆದರೆ ಮುಖ ಹುಳ್ಳಗೆ ಇಟ್ಟುಕೊಂಡು, ಬೇಡದ ಬಕೆಟ್ಟಿನ ಬೆಲೆ ಕೇಳಿ, ಹೊರಟಂತೆ ಮಾಡಿ, “ಅಚ್ಛಾ ಭಯ್ಯಾ, ಇದೇನು ಮೂಲೆಯಲ್ಲಿ?” ಎಂದು ಕೇಳಬೇಕು. ಗುರುಗ್ರಾಮ ದಾಟಿದ ಮೇಲೆ ಹೆದ್ದಾರಿಯ ಪಕ್ಕದ ಕಬಾಡಿಯವನ ಗುಜರಿ ಅಂಗಡಿಯಲ್ಲಿ ಅವನು ಸಿಕ್ಕಿದ್ದು ಹಾಗೆಯೇ. ಮೊಳಕೈಯಷ್ಟು ಉದ್ದ, ಮಗುವಿಗಿಂತ ಭಾರ, ತಲೆಯ ಕಡೆ ನುಣ್ಣಗೆ ಚೂಪು. ಸೊಂಟದ ಸುತ್ತ ತಾಮ್ರದ ಪಟ್ಟಿ, ಥೇಟ್ ಉಡಿದಾರ! ಉಡಿದಾರ ಕಟ್ಟಿಕೊಂಡೇ ಹುಟ್ಟಿದ ಗುಂಡಪ್ಪ ಇನ್ನಾರಿಗೆ ಸಿಕ್ಕಿದ್ದಾನೆ? ಇದೇನೆಂದು ಕೇಳಿದ್ದಕ್ಕೆ ಅಂಗಡಿಯವನು, ಏನೋ ಕುಟ್ಟುವುದು ಮಾಜೀ ಎಂದ. ಅವನಿಗೂ ಗೊತ್ತಿರಲಿಲ್ಲ, ನನಗೆ ಗೊತ್ತಾಗಬೇಕಿರಲಿಲ್ಲ.

ಮನೆಗೆ ತಂದ ದಿನ ನಮ್ಮವರು, “ಏನೇ ಇದು, ಬಾಂಬ್ ತಂದಿದೀಯಾ?” ಎಂದು ನಕ್ಕರು. ಅಂದಿನಿಂದ ಅದಕ್ಕೆ ಮನೆಯಲ್ಲಿ ಬಾಂಬ್ ಗುಂಡಪ್ಪ ಎಂದೇ ಹೆಸರು. ಹುಣಸೆಹಣ್ಣು ಹಾಕಿ ತಿಕ್ಕಿ ಉಡಿದಾರ ಹೊಳೆಯುವಂತೆ ಮಾಡಿದೆ. ಮೂತಿಯ ಬಿರಡೆ ತೆಗೆದು ಒಳಗೂ ತೊಳೆಯೋಣ ಎಂದು ನಾನೇ ಇವರ ಕೈಯಲ್ಲಿ ಸುತ್ತಿಗೆಯಿಂದ ಬಡಿಸಿದ್ದೆ. ಬಿರಡೆ ಜಗ್ಗಲಿಲ್ಲ. ಆಗ ಲಾವಣ್ಯಾ ಅದೇ ಕೋಣೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಆಟೋದಲ್ಲಿ ಈಗ ಅದು ನೆನಪಾಯಿತು.

ಇವರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮಗು ಏಳುತ್ತದೆಂದು ಮನೆಯ ಫೋನುಗಳನ್ನೆಲ್ಲ ಸೈಲೆಂಟ್ ಮಾಡಿಸಿದ್ದವಳು ನಾನೇ. ಲಾವಣ್ಯಾಳಿಗೆ ಮಾಡಿದೆ, ಇಲ್ಲ. ಪಕ್ಕದ ಮನೆಯವರಿಗೆ ಮಾಡಿದೆ, ಅವರೂ ನಮ್ಮ ಮನೆಯಲ್ಲೇ ಹಾಡು ಹೇಳುತ್ತ ಕೂತಿರಬೇಕು. ಅಳಿಯ ಅಕ್ಷಯ್‌ಗೆ ಮಾಡಿದೆ. ಅವನು ಕರೆಯನ್ನು ಕತ್ತರಿಸಿದ. ಮರುಕ್ಷಣ ಮನೆಯವರ ಗುಂಪಿನಲ್ಲಿ ಅವನ ಸಂದೇಶ ಬಂತು: ‘ವಿಡಿಯೋ ತೆಗೀತಿದೀನಿ ಅತ್ತೆ, ಜಲ್ದಿ ಬನ್ನಿ.’

ಅದರ ಹಿಂದೆಯೇ ಒಂದು ಫೋಟೋ. ಬೀಗಿತ್ತಿ ಲೋಲಾಕ್ಷಿ ಕಾಲು ನೀಡಿ ಕೂತಿದ್ದರು. ಅವರ ಕಾಲ ಮೇಲೆ ಗುಂಡಪ್ಪ. ಚೊಂಬಿನಿಂದ ನೀರು ಹುಯ್ಯುತ್ತಿದ್ದರು. ನೀರಿನಿಂದ ಹಬೆ ಏಳುವುದು ಫೋಟೋದಲ್ಲೂ ಕಾಣುತ್ತಿತ್ತು.

‘ಅದನ್ನು ಮುಟ್ಟಬೇಡಿ’ ಎಂದು ಬರೆದೆ. ಅವಸರದಲ್ಲಿ ಅಕ್ಷರವೆಲ್ಲ ಅಡ್ಡಾದಿಡ್ಡಿ. ಮೈಸೂರಿನಿಂದ ನನ್ನ ನಾದಿನಿ ನಗುವ ಮುಖ ಕಳಿಸಿ, ‘ಶುರುವಾಯ್ತು ನೋಡಿ ದೇವಕಿಯ ಮುಟ್ಟಬೇಡಿ ಪುರಾಣ’ ಎಂದು ಬರೆದಳು. ಅವಳದೇನು ತಪ್ಪು? ನಮ್ಮ ಮನೆಯಲ್ಲಿ ಹೂದಾನಿ ಮುಟ್ಟುವಂತಿಲ್ಲ, ಗ್ರಾಮಫೋನ್ ಮುಟ್ಟುವಂತಿಲ್ಲ, ಪಿಂಗಾಣಿಯ ಭರಣಿಯ ಕಡೆ ಕೈ ತೋರಿಸುವಂತಿಲ್ಲ. ದೆಹಲಿಯಲ್ಲಿ ಹುಟ್ಟಿ ಬೆಳೆದು ಅರ್ಧ ಹಿಂದಿಯಲ್ಲೇ ಮಾತಾಡುವ ಲಾವಣ್ಯಾ, ತಾನು ಕಲಿತ ಮೊದಲ ಕನ್ನಡದ ಮಾತೇ ‘ಮುಟ್ಬೇಡ’ ಎಂದು ಗೆಳತಿಯರ ಮುಂದೆಲ್ಲ ಹೇಳಿ ನಗಿಸುತ್ತಾಳೆ.

‘ಅದು ಬಾಂಬ್. ನಿಜವಾಗಿ ಬಾಂಬ್. ಎಲ್ಲರೂ ಹೊರಗೆ ಹೋಗಿ’ ಎಂದು ಬರೆದೆ. ಈ ಸಲ ನಗುವ ಮುಖಗಳು ಸಾಲಾಗಿ ಬಂದವು. ನಮ್ಮವರೇ ಒಂದು ಕಳಿಸಿದರು. ‘ಬಾಂಬ್ ಗುಂಡಪ್ಪನಿಗೆ ಜೈ’ ಎಂದು ಇನ್ನಾರೋ ಬರೆದರು. ಕೂಡಲೇ ಇವರಿಗೆ ಮತ್ತೆ ಫೋನು ಮಾಡಿದೆ. ನಕ್ಕು ಫೋನನ್ನು ಎಲ್ಲಿಟ್ಟರೋ, ಎತ್ತಲಿಲ್ಲ. ಅಳುತ್ತ ಮಾತಾಡಿ ಧ್ವನಿ ಕಳಿಸಿದೆ. ಯಾರೂ ತೆರೆದು ಕೇಳಲಿಲ್ಲ. ಇನ್ನೊಂದು ಫೋಟೋ ಬಂತು. ಹಳದಿ ಕುಲಾವಿ ಹಾಕಿಕೊಂಡ ಗುಂಡಪ್ಪ, ಮೂತಿಗೆ ಕುಂಕುಮ, ಎದುರಿಗೆ ಉರಿಯುವ ಆರತಿ.

“ಭಯ್ಯಾ, ಬೇಗ, ಬೇಗ,” ಎಂದು ಆಟೋದವನ ಬೆನ್ನಿಗೆ ಗುದ್ದಿದೆ. ಮುಂದೆ ಕಾರುಗಳ ಸಾಲು ಅಲ್ಲಾಡುತ್ತಿರಲಿಲ್ಲ. ಹಾರಿ ಹೋಗಲೇ ಮಾಜೀ ಎಂದು ಅವನು ಗದರಿದ. ನಮ್ಮ ಸೆಕ್ಟರಿನ ತಿರುವು ಕಣ್ಣಿಗೆ ಕಾಣುತ್ತಿತ್ತು. ಕೈಗೆ ಸಿಕ್ಕಿದ ನೋಟು ಎಸೆದು ಇಳಿದು ಓಡಿದೆ. ಮಂಡಿ ನೋವಿನ ಹೆಂಗಸು, ರೇಷ್ಮೆ ಸೀರೆ ಎತ್ತಿ ಹಿಡಿದು, ರಸ್ತೆ ನಡುವೆ. ಗಿಳಿಗಳು ಎಲ್ಲಿ ಬಿದ್ದವೋ ನೋಡಲಿಲ್ಲ. ಪ್ರತಿ ಹೆಜ್ಜೆಗೂ ಈಗ ಸದ್ದು ಕೇಳುತ್ತದೆ, ಈಗ ಕೇಳುತ್ತದೆ ಎಂದು ಕಿವಿ ಕಾಯುತ್ತಿತ್ತು. ದೇವರೇ, ನನ್ನ ಮನೆಯ ಒಂದೊಂದು ಸಾಮಾನನ್ನೂ ತೆಗೆದುಕೋ, ಮಗುವನ್ನು ಬಿಡು ಎಂದು ಬಾಯಿಬಿಟ್ಟು ಹೇಳಿಕೊಂಡೇ ಓಡಿದೆ.

ಮೆಟ್ಟಿಲಲ್ಲಿ ಚಪ್ಪಲಿಗಳ ರಾಶಿ. ಮೇಲಿನಿಂದ ಜೋಗುಳ ಕೇಳುತ್ತಿತ್ತು. ಹಾಡು ಕೇಳುತ್ತಿದೆ ಎಂದರೆ ಇನ್ನೂ ಎಲ್ಲರೂ ಇದ್ದಾರೆ. ಬಾಗಿಲಲ್ಲಿ ನಿಂತು ಚೌಕಟ್ಟು ಹಿಡಿದುಕೊಂಡೆ.

ಲೋಲಾಕ್ಷಿ ತೊಟ್ಟಿಲ ಈಚೆ ಬಗ್ಗಿ ನಿಂತಿದ್ದರು. ಗುಂಡಪ್ಪ ಅವರ ಎರಡು ಕೈಯಲ್ಲಿ, ಎಣ್ಣೆ ಹಚ್ಚಿ ಮಿರಮಿರ ಮಿನುಗುತ್ತಿದ್ದ. ಆಚೆ ಕಡೆ ಲಾವಣ್ಯಾ, ಎದೆಗೊತ್ತಿಕೊಂಡ ಮಗು. ನಡುವೆ ನೆಲದ ಮೇಲೆ ಆರತಿ ತಟ್ಟೆ, ಬತ್ತಿ ಇನ್ನೂ ಉರಿಯುತ್ತಿತ್ತು.

“ಗುಂಡಪ್ಪನ್ನ ತಗೊಳ್ಳಿ, ಗೌರೀನ ಕೊಡಿ,” ಎಂದು ಹೆಂಗಸರು ಒಟ್ಟಿಗೆ ಶಾಸ್ತ್ರದ ಮಾತು ಹೇಳಿದರು. ಇದು ಮೂರನೆಯದು ಎಂದು ಯಾರೋ ಎಣಿಸಿದರು.

ಕಿರುಚಿದರೆ ಅವರು ಕೈಬಿಡುತ್ತಾರೆ. ಸುಮ್ಮನಿದ್ದರೆ ಅದು ತೊಟ್ಟಿಲಿಗೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಬಾಂಬ್ ಎಂದರೆ ಇವರು ಮತ್ತೆ ನಗುತ್ತಾರೆ. ಈ ಜನ ನನ್ನ ಯಾವ ಮಾತು ಕೇಳುತ್ತಾರೆ?

“ನಿಲ್ಲಿ ನಿಲ್ಲಿ, ಒಂದು ಪದ್ಧತಿ ಮರೆತಿರಿ,” ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. “ಮೂರನೇ ಸಲ ಗುಂಡಪ್ಪ ತಾಯಿಯ ತಾಯಿ ಕೈಗೇ ಬರಬೇಕು. ಆಮೇಲೆ ಮಗೂನ ಸೂರ್ಯನಿಗೆ ತೋರಿಸಿಕೊಂಡು ಬರಬೇಕು. ಮನೇಲಿ ಒಬ್ಬರೂ ಉಳಿಯೋ ಹಾಗಿಲ್ಲ. ರಾಹುಕಾಲ ಬರುತ್ತೆ, ಏಳಿ ಏಳಿ.”

ಅಂಥ ಪದ್ಧತಿ ನಮ್ಮ ವಂಶದಲ್ಲಿ ಯಾರೂ ಕೇಳಿದ್ದಿಲ್ಲ. ನಮ್ಮವರು ಹುಬ್ಬು ಗಂಟಿಕ್ಕಿದರು. ಲೋಲಾಕ್ಷಿ ಮಾತ್ರ ತಲೆದೂಗಿದರು.

“ಹೌದು ಮಾರಾಯ್ರೆ, ನಮ್ಮಲ್ಲೂ ಉಂಟು ಅದು,” ಎಂದರು.

ಅವರ ಬಾಯಿಗೆ ಸಕ್ಕರೆ ಹಾಕಬೇಕು. ಬಾಂಬ್ ಎಂದರೆ ಅಲ್ಲಾಡದ ಜನ ಪದ್ಧತಿ ಎಂದ ಕೂಡಲೇ ಎದ್ದರು. ನಾನು ಹತ್ತಿರ ಹೋಗಿ ಕೈ ಒಡ್ಡಿದೆ. ಲೋಲಾಕ್ಷಿ ಗುಂಡಪ್ಪನನ್ನು ನನ್ನ ತೋಳಿಗೆ ಹಾಕಿದರು. ಹರಳೆಣ್ಣೆಗೆ ಜಾರಿತು, ಸೆರಗು ಸೇರಿಸಿ ಹಿಡಿದುಕೊಂಡೆ. ಇನ್ನೂ ಬೆಚ್ಚಗಿತ್ತು, ಆಗಷ್ಟೇ ಮಿಂದ ಮಗುವಿನ ಹಾಗೆ.

“ಅಮ್ಮಾ, ಯೇ ಕೌನ್ಸಾ ರಿವಾಜ್ ಹೈ? ಇದ್ಯಾವ ಪದ್ಧತಿ? ನಿನ್ ಮುಖ ಯಾಕೆ ಹೀಗಿದೆ?” ಎಂದು ಲಾವಣ್ಯಾ ಕೇಳಿದಳು.

“ಹೋಗು. ಪಾರ್ಕಿನ ಆ ಕೊನೇಗೆ ಹೋಗು. ಓಡಬೇಡ, ಬೇಗ ಹೋಗು.”

ಅವಳು ನನ್ನನ್ನೇ ನೋಡಿದಳು. ಆಮೇಲೆ ನನ್ನ ತೋಳಲ್ಲಿದ್ದುದನ್ನು ನೋಡಿದಳು. ಮಗುವಿನ ತಲೆಯ ಮೇಲೆ ಅಂಗೈ ಮುಚ್ಚಿಕೊಂಡು ಹೊರಟಳು. ಅವಳ ಹಿಂದೆ ಎಲ್ಲರೂ ಹೋದರು. ಚಪ್ಪಲಿ ಹುಡುಕುವ ಗಲಾಟೆ, ಯಾರೋ ನಕ್ಕಿದ್ದು, ಅಕ್ಷಯ್ ವಿಡಿಯೋ ತೆಗೆಯುತ್ತಲೇ ಇಳಿದದ್ದು ಕೇಳಿತು. ಒಂದೊಂದು ಹೆಜ್ಜೆ ಸದ್ದು ದೂರವಾದಾಗಲೂ ಒಬ್ಬರ ಜೀವ ಉಳಿಯಿತು ಎಂದುಕೊಂಡೆ.

ಮನೆಯಲ್ಲಿ ನಾನು ಮತ್ತು ಅದು. ತೋಳು ಸೋಲತೊಡಗಿತ್ತು. ತೊಟ್ಟಿಲಲ್ಲಿಟ್ಟರೆ ತೊಟ್ಟಿಲು ತೂಗುತ್ತದೆ. ನೆಲ ಗಟ್ಟಿ. ಗೋಡೆಗೆ ಬೆನ್ನು ಕೊಟ್ಟು, ಉಸಿರು ಹಿಡಿದು, ಇಂಚಿಂಚೇ ಜಾರುತ್ತ ನೆಲಕ್ಕೆ ಕೂತೆ. ಮಗುವಿಗೆ ನೀರು ಹಾಕುವಾಗ ಕೂರುವ ಹಾಗೆ ಕಾಲು ನೀಡಿ ಅದನ್ನು ಕಾಲ ಮೇಲೆ ಮಲಗಿಸಿಕೊಂಡೆ. ಆರತಿ ಪಕ್ಕದಲ್ಲೇ ಉರಿಯುತ್ತಿತ್ತು. ದೀಪವನ್ನು ಊದಿ ಆರಿಸಬಾರದು ಎಂದು ಮಗಳಿಗೆ ಎಷ್ಟು ಸಲ ಬೈದಿದ್ದೆನೋ, ಬಗ್ಗಿ ಊದಿಬಿಟ್ಟೆ. ಕೈಗೆ ಎಟುಕಿದ ಮಗುವಿನ ಹಾಸಿಗೆಯನ್ನು ಎಳೆದುಕೊಂಡು ಮೆಲ್ಲಗೆ ಅದರ ಮೇಲೆ ಜಾರಿಸಿದೆ. ಅದು ಹಾಸಿಗೆಯಲ್ಲಿ ಅರ್ಧ ಹೊರಳಿತು. ನಾನು ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ.

ಏಳಲು ನೋಡಿದರೆ ಮಂಡಿ ಏಳಲಿಲ್ಲ. ಆಗ ಬಾಗಿಲಲ್ಲಿ ನಮ್ಮವರ ಕಾಲು ಕಂಡಿತು.

“ರೀ, ಒಳಗೆ ಬರಬೇಡಿ. ದಮ್ಮಯ್ಯ, ಹೋಗಿ.”

ಅವರು ಹಾಸಿಗೆ ನೋಡಿದರು, ಊದಿದ ಆರತಿ ನೋಡಿದರು.

“ನಿಜವಾಗ್ಲೂ ಬಾಂಬಾ?” ಈ ಸಲ ನಗು ಇರಲಿಲ್ಲ.

“ಹೂಂ.”

ಅವರು ಹೋಗಲಿಲ್ಲ. ತುದಿಗಾಲಲ್ಲಿ ಬಂದು, ನನ್ನ ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಿದರು. ಒಬ್ಬರನ್ನೊಬ್ಬರು ಹಿಡಿದುಕೊಂಡೇ ಮೆಟ್ಟಿಲಿಳಿದೆವು.

ಪೊಲೀಸರು ಬಂದು ಇಡೀ ಬ್ಲಾಕನ್ನು ಖಾಲಿ ಮಾಡಿಸಿದರು. ಅಷ್ಟರಲ್ಲಿ ಪಾರ್ಕಿನಲ್ಲಿದ್ದವರಿಗೆಲ್ಲ ಸುದ್ದಿ ತಿಳಿದಿತ್ತು. ಲೋಲಾಕ್ಷಿ ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತ ಬೆಂಚಿನ ಮೇಲೆ ಕೂತಿದ್ದರು. ದಪ್ಪನೆಯ ಕವಚ ತೊಟ್ಟವರು ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಮರಳು ತುಂಬಿದ ಪೆಟ್ಟಿಗೆಯನ್ನು ಹೊತ್ತು ತಂದರು. ಮರಳಿನ ಮೇಲೆ ಹಳದಿ ಕುಲಾವಿಯ ತುದಿ ಕಾಣುತ್ತಿತ್ತು. ಅದನ್ನು ತೆಗೆಯಲು ಅವರಿಗೂ ಧೈರ್ಯ ಬಂದಿರಲಿಲ್ಲವೋ ಏನೋ.

ಗಾಡಿ ಹೊರಟ ಮೇಲೆ ಅಧಿಕಾರಿ ನಮ್ಮ ಹತ್ತಿರ ಬಂದರು. “ಖಾಲೀ ನಹೀಂ ಹೈ,” ಎಂದರು. ಅದು ಖಾಲಿಯಾಗಿರಲಿಲ್ಲ. ಆಮೇಲೆ, ಇದನ್ನು ಮನೆಗೆ ತಂದವರು ಯಾರು ಎಂದು ಕೇಳಿದರು. ನಾನು ಕೈ ಎತ್ತಿದೆ, ಶಾಲೆಯ ಹುಡುಗಿಯ ಹಾಗೆ. ಎಲ್ಲಿಂದ ತಂದದ್ದು ಎಂದು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ನನ್ನ ಕಣ್ಣು ಮಾತ್ರ ಪಾರ್ಕಿನ ಕೊನೆಯಲ್ಲಿತ್ತು.

ಅಲ್ಲಿ ಬೇವಿನ ಮರದ ಕೆಳಗೆ ಲಾವಣ್ಯಾ ನೆಲದ ಮೇಲೆಯೇ ಕೂತಿದ್ದಳು. ಮಗು ಅತ್ತು ಅತ್ತು ಈಗ ಬಿಕ್ಕುತ್ತಿತ್ತು. ಆ ಪುಟ್ಟ ಮುಖ ನೋಡಿದ ಕೂಡಲೇ, ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಬಂತು. ಒಂದು ಸಲ ಎತ್ತಿಕೊಂಡು, ಕೈಕಾಲೆಲ್ಲ ಸವರಿ, ಇದೆ, ಎಲ್ಲ ಇದೆ ಎಂದು ನೋಡಿಕೊಳ್ಳಬೇಕು ಅನ್ನಿಸಿತು. ಬಗ್ಗಿ ಎರಡೂ ಕೈ ಚಾಚಿದೆ.

ಲಾವಣ್ಯಾ ಮಗುವನ್ನು ಅವಚಿಕೊಂಡು ಹಿಂದಕ್ಕೆ ಸರಿದಳು.

“ಮುಟ್ಬೇಡ,” ಎಂದಳು.

ಕಿರುಚಲಿಲ್ಲ, ಹಿಂದಿ ಬೆರೆಸಲಿಲ್ಲ. ನಾನು ಅವಳಿಗೆ ಕಲಿಸಿದ ಹಾಗೆಯೇ ಹೇಳಿದಳು.

ನನ್ನ ಕೈ ನೋಡಿಕೊಂಡೆ. ಅಂಗೈ ತುಂಬ ಹರಳೆಣ್ಣೆ, ಕುಂಕುಮ, ಸ್ವಲ್ಪ ತುಕ್ಕು. ಪಾರ್ಕಿನ ನಲ್ಲಿಗೆ ಹೋಗಿ ಮಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ತಿರುಗಿ ಬಂದು ಅವಳೆದುರು ನಿಂತೆ. ಅವಳು ತಲೆ ಎತ್ತಲಿಲ್ಲ. ನಾನು ಒದ್ದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸ್ವಲ್ಪ ದೂರದಲ್ಲಿ, ಅವಳಿಗೆ ಕಾಣುವ ಹಾಗೆ ಕೂತೆ.